ದುಡ್ಡು ಇಸಕೊಂಡ ದಿನ ಅವನ ಮನಸ್ಸಿನಲ್ಲಿ ಏನಿತ್ತು?

'ಸಾರ್, ಅವನ ಮೇಲೆ ಒಂದು 420 ಕೇಸು ಹಾಕಿಸಿ.' ಕೈಸಾಲ ಕೊಟ್ಟು ಕೈಸುಟ್ಟುಕೊಂಡವರು ನನ್ನ ವಕೀಲಿ ಕಚೇರಿಗೆ ಬಂದು ಕೂತೊಡನೆ ಹೇಳುವ ಮಾತು ಇದು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ, 420ನೇ ಕಲಮಿನಲ್ಲಿದ್ದ ವಂಚನೆ 318ನೇ ಕಲಮಿಗೆ ಬಂದಿದ್ದರೂ ಜನರ ಬಾಯಲ್ಲಿ ಉಳಿದಿರುವುದು 420ಯೇ.

ಅವರ ಸಂಕಟ ನಿಜ. ಆದರೂ ನಾನು ಮೊದಲು ಕೇಳುವುದು, ದುಡ್ಡು ಇಸಕೊಂಡ ದಿನ ಅವನಿಗೆ ತೀರಿಸುವ ಮನಸ್ಸಿತ್ತೇ ಎಂದು. ಅಂಗಡಿ ಮುಳುಗಿಯೋ ಬೆಳೆ ಕೈಕೊಟ್ಟೋ ಆಮೇಲೆ ಕೊಡಲಾಗದಿದ್ದರೆ ಅದು ಬಾಕಿ, ಸಿವಿಲ್ ವ್ಯಾಜ್ಯ. ವಂಚನೆಯಾಗಬೇಕಾದರೆ ಮೋಸದ ಉದ್ದೇಶ ಶುರುವಿನಲ್ಲೇ ಇರಬೇಕು. ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಮನಸ್ಸನ್ನು ಬಿಚ್ಚಿ ನೋಡಲಾಗದು, ನಡತೆಯಿಂದಲೇ ಊಹಿಸಬೇಕು. ಕಕ್ಷಿದಾರರು ತೋರಿಸುವುದು ದುಡ್ಡು ಕೊಟ್ಟ ನಂತರದ ವಾಟ್ಸಾಪ್ ಸಂದೇಶಗಳನ್ನು: 'ನಾಳೆ ಕೊಡ್ತೀನಿ', 'ಮುಂದಿನ ವಾರ ಗ್ಯಾರಂಟಿ.' ನನಗೆ ಬೇಕಾದದ್ದು ಕೊಡುವ ಮೊದಲಿನವು. ಆಗಲೇ ಮಾರಿಹೋಗಿದ್ದ ಸೈಟನ್ನು ತನ್ನದೆಂದು ತೋರಿಸಿ ಮುಂಗಡ ಪಡೆದನೇ? ಖೋಟಾ ಪತ್ರ ತಂದಿದ್ದನೇ? ಇಂಥದ್ದೊಂದು ಸಿಕ್ಕರೆ ಕೇಸಿಗೆ ಜೀವ ಬರುತ್ತದೆ.

ನಂಬಿ ಒಪ್ಪಿಸಿದ್ದನ್ನು ನುಂಗುವ ನಂಬಿಕೆದ್ರೋಹದ ದಾರಿ ಬೇರೆ. ಊರಿಗೆ ಹೋಗುವಾಗ ಜೋಪಾನ ಮಾಡಲೆಂದು ಕೊಟ್ಟ ಚಿನ್ನವನ್ನು ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಇಟ್ಟುಕೊಂಡಿರಬಹುದು. ಕೆಟ್ಟ ಬುದ್ಧಿ ಬಂದದ್ದು ಆಮೇಲೆ, ಅದನ್ನು ಅಡವಿಟ್ಟಾಗ. ಒಂದೇ ಸಂಗತಿಗೆ ವಂಚನೆ, ನಂಬಿಕೆದ್ರೋಹ ಎರಡೂ ಒಟ್ಟಿಗೆ ನಿಲ್ಲವು ಎಂದು 2024ರಲ್ಲಿ ಸುಪ್ರೀಂ ಕೋರ್ಟಿನ ಡೆಲ್ಲಿ ರೇಸ್ ಕ್ಲಬ್ ತೀರ್ಪು ಹೇಳಿತು. ಆದರೂ ಎರಡನ್ನೂ ತುರುಕಿದ ದೂರುಗಳು ಬರುತ್ತಲೇ ಇವೆ. ಯಾವುದಾದರೂ ಒಂದು ತಗುಲಲಿ ಎಂಬ ಈ ಅಭ್ಯಾಸದಿಂದ ನಿಜವಾಗಿ ಮೋಸಹೋದವರ ಕೇಸೇ ದುರ್ಬಲವಾಗುತ್ತದೆ.

ಕಳ್ಳತನದಲ್ಲಿ ಜನ ತಪ್ಪು ತಿಳಿಯುವುದು ಇದಕ್ಕೆ ತದ್ವಿರುದ್ಧ. 'ವಾಪಸ್ ಕೊಡೋಣ ಅಂತಲೇ ತಗೊಂಡಿದ್ದೆ' ಎಂದರೆ ಪಾರಾಗಬಹುದು ಎಂದುಕೊಂಡಿರುತ್ತಾರೆ. 1952ರಲ್ಲಿ ಜೋಧಪುರದ ವಾಯುಪಡೆ ಅಕಾಡೆಮಿಯ ಕೆಡೆಟ್ ಒಬ್ಬ ಅನುಮತಿಯಿಲ್ಲದೆ ಹಾರ್ವರ್ಡ್ ತರಬೇತಿ ವಿಮಾನ ಹಾರಿಸಿಕೊಂಡು ಹೋಗಿ ಪಾಕಿಸ್ತಾನದಲ್ಲಿ ಇಳಿದ. ಶಾಶ್ವತವಾಗಿ ಇಟ್ಟುಕೊಳ್ಳುವ ಉದ್ದೇಶ ಬೇಕಿಲ್ಲ, ಅನಧಿಕೃತವಾಗಿ ಸ್ವಲ್ಪ ಹೊತ್ತು ಬಳಸಿ ಒಡೆಯನಿಗೆ ಇಲ್ಲದಂತೆ ಮಾಡಿದರೂ ಕಳ್ಳತನವೇ ಎಂದು 1957ರಲ್ಲಿ ಆ ಕೆಡೆಟ್ ಕೆ.ಎನ್. ಮೆಹ್ರಾನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವನು ಅಪರಾಧಿ ಎಂಬ ತೀರ್ಪನ್ನು ಎತ್ತಿಹಿಡಿಯಿತು. ರಿಪೇರಿ ಹಣ ಕೊಡದೆ ನಿಮ್ಮದೇ ಗಡಿಯಾರವನ್ನು ಅಂಗಡಿಯಿಂದ ಗುಟ್ಟಾಗಿ ಎತ್ತಿಕೊಂಡು ಬಂದರೂ ಕಳ್ಳತನವಾದೀತು, ಏಕೆಂದರೆ ಹಣ ಬರುವವರೆಗೆ ಅದನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಅಂಗಡಿಯವನದು. ಆದರೆ ಬೇರೆಯವರ ವಸ್ತುವನ್ನು ತನ್ನದೆಂದೇ ಪ್ರಾಮಾಣಿಕವಾಗಿ ನಂಬಿ ಒಯ್ದವನು ಕಳ್ಳನಲ್ಲ.

ಕೈಸಾಲದವರಿಗೆ ಇನ್ನೊಂದು ಮಾತು. ವಾಯಿದೆ ಗೊತ್ತುಪಡಿಸದ ಸಾಲದ ವಸೂಲಿ ದಾವೆಗೆ, ಕೊಟ್ಟ ದಿನದಿಂದ 3 ವರ್ಷವಷ್ಟೇ ಕಾಲಮಿತಿ. ಠಾಣೆಗೆ ಅಲೆಯುತ್ತಿದ್ದರೆ ಅದು ನಿಲ್ಲುವುದಿಲ್ಲ. ಆ ಅವಧಿಯೊಳಗೆ ಸಾಲಗಾರ ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿದರೆ ಅಂದಿನಿಂದ ಹೊಸ ಲೆಕ್ಕ. ಹಾಗಾಗಿ ಮೊದಲು ಆ ಚೀಟಿ ಬರೆಸಿಕೊಳ್ಳಿ.