ಕು ಹೋ ನೋಟು: ಯುದ್ಧದ ನಡುವೆ ಹುಟ್ಟಿದ ವಿಯೆಟ್ನಾಂ ಹಣ

1946ರಿಂದ 1951ರವರೆಗೆ ಹೋ ಚಿ ಮಿನ್ ಸರ್ಕಾರ ಹೊರತಂದ ನೋಟುಗಳನ್ನು ವಿಯೆಟ್ನಾಂ ಜನ 'ಕು ಹೋ ನೋಟು' ಅಂತ ಕರೆಯುತ್ತಿದ್ದರು. 'ಕು' ಅಂದರೆ ಹಿರಿಯರು. ನೋಟಿನ ಮೇಲೆ ಹೋ ಚಿ ಮಿನ್ ಚಿತ್ರ ಇತ್ತು, ಹಾಗಾಗಿ ಈ ಹೆಸರು. ಇನ್ನೊಂದು ಹೆಸರು 'ಹಣಕಾಸು ನೋಟು'. ಆಗ ಆ ಸರ್ಕಾರಕ್ಕೆ ಸ್ವಂತ ಬ್ಯಾಂಕೇ ಇರಲಿಲ್ಲ. ಹಣಕಾಸು ಸಚಿವಾಲಯವೇ ನೋಟು ಹೊರಡಿಸಿತು, ಅದರ ಮೇಲೆ ಹಣಕಾಸು ಮಂತ್ರಿಯ ಸಹಿಯೂ ಇತ್ತು.

1945ರ ಸೆಪ್ಟೆಂಬರ್ 2ರಂದು ಸ್ವಾತಂತ್ರ್ಯ ಘೋಷಿಸಿದಾಗ ಖಜಾನೆಯಲ್ಲಿ ಉಳಿದಿದ್ದದ್ದು ಸುಮಾರು 12 ಲಕ್ಷ ಪಿಯಾಸ್ಟರ್, ಅಂದರೆ ಫ್ರೆಂಚ್ ಆಳ್ವಿಕೆಯ ಕಾಲದ ಹಣ. ಅದರಲ್ಲಿ ಹತ್ತಿರಹತ್ತಿರ ಅರ್ಧ ಹರಿದ ನೋಟುಗಳು. ಪಿಯಾಸ್ಟರ್ ಅಚ್ಚು ಹಾಕುವ ಇಂಡೋಚೈನಾ ಬ್ಯಾಂಕ್ ಇನ್ನೂ ಫ್ರೆಂಚರ ಕೈಯಲ್ಲೇ ಇತ್ತು. ಅದೇ ನವೆಂಬರ್‌ನಲ್ಲಿ ಅವರು 500 ಪಿಯಾಸ್ಟರ್ ನೋಟು ಚಲಾವಣೆಯಲ್ಲಿಲ್ಲ ಎಂದುಬಿಟ್ಟರು. ಉತ್ತರಕ್ಕೆ ಬಂದಿದ್ದ ಚೀನಾ ಸೈನಿಕರು ತಮ್ಮ ನೋಟನ್ನೇ ತೆಗೆದುಕೊಳ್ಳಿ ಅಂತ ಅಂಗಡಿಯವರ ಮೇಲೆ ಹೇರುತ್ತಿದ್ದರು. ಜನರ ದುಡಿಮೆಯ ಬೆಲೆ ಬೇರೆಯವರ ಮರ್ಜಿಯಲ್ಲಿದ್ದರೆ ಅದು ಎಂಥ ಸ್ವಾತಂತ್ರ್ಯ, ಅಲ್ವಾ?

ಆದರೆ ಅಚ್ಚು ಹಾಕುವುದು ಎಲ್ಲಿ? ದೊ ದಿನ್ ಥಿಯೆನ್ ಎಂಬ ವ್ಯಾಪಾರಿ ಹನೋಯಿಯಲ್ಲಿ ಒಂದು ಫ್ರೆಂಚ್ ಮುದ್ರಣಾಲಯವನ್ನೇ ಕೊಂಡು ಸರ್ಕಾರಕ್ಕೆ ಕೊಟ್ಟರು. ಹನೋಯಿ ಸುರಕ್ಷಿತವಲ್ಲ ಎನಿಸಿದಾಗ ಚಿ ನೆ ಎಂಬ ಊರಲ್ಲಿದ್ದ ತಮ್ಮ ತೋಟವನ್ನೂ ಬಿಟ್ಟುಕೊಟ್ಟರು. ನೋಟಿನ ಚಿತ್ರ ಬರೆದವರು ಹೆಸರಾಂತ ಕಲಾವಿದರು. ರೈತರು, ಎಮ್ಮೆ, ಕಾರ್ಮಿಕರು ಅದರಲ್ಲಿ ಜಾಗ ಪಡೆದರು. ಈ ಹೊಸ ಹಣದ ಹೆಸರು ಡಾಂಗ್; 100 ಡಾಂಗ್ ನೋಟಿಗೆ 'ನೀಲಿ ಎಮ್ಮೆ' ಅಂತಲೇ ಹೆಸರಾಯಿತು. 1947ರ ಆರಂಭದಲ್ಲಿ ಫ್ರೆಂಚ್ ವಿಮಾನಗಳು ಚಿ ನೆಗೂ ಬಾಂಬ್ ಹಾಕಿದವು. ಆಮೇಲೆ ಮುದ್ರಣ ನಡೆದದ್ದು ಉತ್ತರದ ವಿಯೆತ್ ಬಾಕ್ ಗುಡ್ಡಗಾಡಿನಲ್ಲಿ.

ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಮುಂದಿನ ಭಾಗ. ಫ್ರೆಂಚರ ಜೊತೆಗಿನ ಯುದ್ಧ ದೇಶವನ್ನು ತುಂಡು ತುಂಡು ಮಾಡಿತ್ತು. ಉತ್ತರದಲ್ಲಿ ಅಚ್ಚಾದ ಹಣವನ್ನು ದಕ್ಷಿಣಕ್ಕೆ ಸಾಗಿಸುವುದು ಬಲು ಕಷ್ಟವಾಗಿತ್ತು. ಅದಕ್ಕೇ ಮಧ್ಯ ಭಾಗದಲ್ಲಿ 'ತಿನ್ ಫಿಯೆವು' ಎಂಬ ಸಾಲಪತ್ರದಂಥ ನೋಟುಗಳು ಬಂದವು, ದಕ್ಷಿಣದಲ್ಲಿ ಬೇರೆಯದೇ ನೋಟು. ಸರ್ಕಾರ ಒಂದು, ಹಣ ಹಲವು. ಫ್ರೆಂಚರು ನಕಲಿ ನೋಟು ಹರಡಿ ನಂಬಿಕೆ ಕೆಡಿಸಲು ನೋಡಿದರು. ಈ ನೋಟುಗಳ ಹಿಂದೆ ಚಿನ್ನದ ರಾಶಿ ಇರಲಿಲ್ಲ. ಆದರೂ ರೈತರು ಭತ್ತ ಕೊಟ್ಟು ಈ ಕಾಗದ ತೆಗೆದುಕೊಂಡರು. ಯುದ್ಧದ ಖರ್ಚಿಗೆ ನೋಟು ಜಾಸ್ತಿಯಾದಂತೆ ಸಾಮಾನಿನ ಬೆಲೆಯೂ ಏರಿತು. ಆ ಹೊರೆಯನ್ನೂ ಹೊತ್ತವರು ಅವರೇ.

1951ರ ಮೇ 6ರಂದು ವಿಯೆಟ್ನಾಂ ರಾಷ್ಟ್ರೀಯ ಬ್ಯಾಂಕ್ ಶುರುವಾಯಿತು. 10 ಹಳೆಯ ಡಾಂಗ್‌ಗೆ 1 ಹೊಸ ಡಾಂಗ್ ಲೆಕ್ಕದಲ್ಲಿ ಹಣಕಾಸು ನೋಟುಗಳನ್ನು ವಾಪಸ್ ಪಡೆಯಲಾಯಿತು.