ಒಂದು ಕುದುರೆ, ಇಬ್ಬರು ಪಯಣಿಗರು: 'ರೈಡ್ ಅಂಡ್ ಟೈ' ನುಡಿಗಟ್ಟಿನ ಹಿನ್ನೆಲೆ

ಹಳೆಯ ಇಂಗ್ಲಿಷ್ ಬರಹಗಳಲ್ಲಿ ಸಿಗುವ 'ರೈಡ್ ಅಂಡ್ ಟೈ' ಎಂಬ ಮಾತಿನಲ್ಲಿರುವ 'ಟೈ'ಯನ್ನು ಪಂದ್ಯದ ಸಮಬಲವೆಂದು ತಿಳಿದರೆ ಅರ್ಥ ಕೈತಪ್ಪುತ್ತದೆ. ಅದು ಕುದುರೆಯನ್ನು ಕಟ್ಟುವ ಕೆಲಸ. ಇಬ್ಬರಿಗೂ ಸೇರಿ ಇರುವುದು ಒಂದೇ ಕುದುರೆ. ಒಬ್ಬನು ಅದನ್ನೇರಿ ಮುಂದೆ ಹೋಗಿ, ಮೊದಲೇ ಮಾತಾಡಿಕೊಂಡಷ್ಟು ದೂರ ಸಾಗಿದ ಮೇಲೆ ಇಳಿದು, ದಾರಿಬದಿಯ ಮರಕ್ಕೋ ಕಂಬಕ್ಕೋ ಅದನ್ನು ಕಟ್ಟಿ, ನಡೆಯತೊಡಗುತ್ತಾನೆ. ಹಿಂದಿನಿಂದ ನಡೆದು ಬಂದವನು ಅದನ್ನು ಬಿಚ್ಚಿ, ಹತ್ತಿ, ಜೊತೆಗಾರನನ್ನು ದಾಟಿಹೋಗಿ, ತಾನೂ ಹಾಗೆಯೇ ಕಟ್ಟಿ ನಡೆಯುತ್ತಾನೆ. ದಾರಿಯ ಅರ್ಧಪಾಲು ನಡಿಗೆಯೇ ಆದರೂ ನುಡಿಗಟ್ಟು ಅದರ ಹೆಸರನ್ನೇ ಎತ್ತುವುದಿಲ್ಲ. ಬಡವರ ನಡಿಗೆಯನ್ನು ಬೇರೆ ಹೇಳಬೇಕಾಗಿರಲಿಲ್ಲವೇನೋ.

ಗಂಟೆಗೆ 6 ಕಿ.ಮೀ. ನಡೆಯುವ, ಕುದುರೆಯ ಮೇಲೆ 12 ಕಿ.ಮೀ. ಸಾಗುವ ಇಬ್ಬರು 24 ಕಿ.ಮೀ. ದಾರಿಯನ್ನು ಹೀಗೆ ಸರಿಪಾಲು ಮಾಡಿಕೊಂಡರೆನ್ನಿ. ಬರೀ ಕಾಲ್ನಡಿಗೆಯಲ್ಲಿ 4 ಗಂಟೆ ಹಿಡಿಯುವ ದಾರಿಯನ್ನು ಇಬ್ಬರೂ 3 ಗಂಟೆಯಲ್ಲಿ ಮುಗಿಸುತ್ತಾರೆ. ಕುದುರೆ 2 ಗಂಟೆ ದುಡಿದು, ಉಳಿದ 1 ಗಂಟೆ ಮರದಡಿ ಸುಧಾರಿಸಿಕೊಳ್ಳುತ್ತದೆ.

1742ರಲ್ಲಿ ಪ್ರಕಟವಾದ ಹೆನ್ರಿ ಫೀಲ್ಡಿಂಗ್‌ನ 'ಜೋಸೆಫ್ ಆಂಡ್ರೂಸ್' ಕಾದಂಬರಿ ಈ ಪದ್ಧತಿಯನ್ನು ವಿವರವಾಗಿ ವರ್ಣಿಸಿ, ಕುದುರೆಗೆ ಕಾಲಿನಂತೆ ಬಾಯಿಯೂ ಇದೆಯೆಂದು, ಅಂದರೆ ಮೇವಿನ ಖರ್ಚೂ ಇದೆಯೆಂದು, ಬಲ್ಲ ಜಾಣ ಪೂರ್ವಿಕರ ರೂಢಿಯಿದು ಎಂದು ನಗೆಯಾಡುತ್ತದೆ. ಅಲ್ಲಿ ಪಾದ್ರಿ ಆಡಮ್ಸ್ ಕುದುರೆಯ ಮೇವಿನ ಬಾಕಿ ತೀರಿಸಲು ಮರೆತು ಮುಂದೆ ನಡೆದುಬಿಡುತ್ತಾನೆ. ಕುದುರೆ ಏರಿ ಬರಬೇಕಿದ್ದ ಜೋಸೆಫ್ ಹಣವಿಲ್ಲದೆ ಛತ್ರದಲ್ಲೇ ಸಿಕ್ಕಿಬೀಳುತ್ತಾನೆ.

ಹೆಚ್ಚು ಪ್ರಸಿದ್ಧವಾದ ಕಥೆ 1737ರದು. ಆ ವರ್ಷದ ಮಾರ್ಚ್‌ನಲ್ಲಿ, ಮುಂದೆ ಇಂಗ್ಲಿಷ್ ನಿಘಂಟಿನಿಂದ ಹೆಸರಾದ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಮತ್ತು ಅವರ ಶಿಷ್ಯ, ಮುಂದೆ ಮಹಾನಟನೆನಿಸಿದ ಡೇವಿಡ್ ಗ್ಯಾರಿಕ್, ಲಿಚ್‌ಫೀಲ್ಡ್‌ನಿಂದ ಲಂಡನ್ನಿಗೆ ಹೊರಟರು. ತಾವಿಬ್ಬರೂ ಸರದಿಯ ಮೇಲೆ ಕುದುರೆ ಏರಿ ಬಂದೆವೆಂದು ಗ್ಯಾರಿಕ್ ಹೇಳಿದ್ದನ್ನು ದಾಖಲಿಸಿದ ಜಾನ್ಸನ್‌ರ ಜೀವನಚರಿತ್ರೆಕಾರ ಬಾಸ್‌ವೆಲ್, ಅದಕ್ಕೆ ತುಸು ಬಣ್ಣ ಬಳಿದಂತಿದೆ ಎಂದೂ ಸೇರಿಸುತ್ತಾನೆ. ಈ ಎಚ್ಚರಿಕೆಯನ್ನು ಬಿಟ್ಟು ಕಥೆಯನ್ನಷ್ಟೇ ಎತ್ತಿಕೊಳ್ಳುವುದು ತರವಲ್ಲ. ಕೈ ಬರಿದಾಗಿದ್ದುದಂತೂ ಇಬ್ಬರೂ ನೆನೆದು ನಗುತ್ತಿದ್ದ ಸಂಗತಿ: ತನ್ನ ಜೇಬಿನಲ್ಲಿ ಎರಡೂವರೆ ಪೆನ್ನಿ, ಗ್ಯಾರಿಕ್‌ನದರಲ್ಲಿ ಒಂದೂವರೆ ಪೆನ್ನಿ ಇತ್ತೆಂದು ಜಾನ್ಸನ್ ಚಟಾಕಿ ಹಾರಿಸುತ್ತಿದ್ದರು.

ಬಂಡಿ, ರೈಲುಗಳು ಬಂದಂತೆ ಪದ್ಧತಿ ಮರೆಯಾಯಿತು. 1971ರಲ್ಲಿ ಜೀನ್ಸ್ ಉಡುಪಿನ ಲೆವೈ ಸ್ಟ್ರಾಸ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಇದೇ ಹೆಸರಿನ ಓಟವನ್ನು ಏರ್ಪಡಿಸಿತು. ಇಂದಿಗೂ ನಡೆಯುವ ಇಂಥ ಸ್ಪರ್ಧೆಗಳಲ್ಲಿ ಇಬ್ಬರು ಓಟಗಾರರು ಒಂದು ಕುದುರೆಯನ್ನು ಹಂಚಿಕೊಳ್ಳುತ್ತಾರೆ, ಮತ್ತು ದಾರಿಯಲ್ಲಿ ಪಶುವೈದ್ಯರು ತಪಾಸಣೆ ಮಾಡುವುದು ಓಟಗಾರರನ್ನಲ್ಲ, ಕುದುರೆಯನ್ನು.