ಉಚಿತ ಪತ್ರಿಕೆ ಎಂದರೆ ಸ್ವತಂತ್ರ ಪತ್ರಿಕೆ ಅಲ್ಲ

‘ಉಚಿತ ಪತ್ರಿಕೆಯೇ ಪ್ರಜಾಪ್ರಭುತ್ವದ ಜೀವಾಳ’ ಎಂಬಂಥ ವಾಕ್ಯಗಳು ತರ್ಜುಮೆ ಯಂತ್ರಗಳ ಕೃಪೆಯಿಂದ ಈಗ ಎಲ್ಲೆಂದರಲ್ಲಿ ಸಿಗುತ್ತವೆ. ಹೇಳಹೊರಟದ್ದು ಸ್ವತಂತ್ರ ಪತ್ರಿಕಾರಂಗದ ಬಗ್ಗೆ, ಕೊನೆಗೆ ಅಚ್ಚಾದದ್ದು ಕಾಸು ಕೊಡದೆ ಸಿಗುವ ಪೇಪರಿನ ಬಗ್ಗೆ. ಎರಡಕ್ಕೂ ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ವಿಶೇಷಣ ಇದ್ದರೆ ಅದು ಇಂಗ್ಲಿಷಿನ ಪಾಡು. ಕನ್ನಡಕ್ಕೆ ಆ ಗೋಜಲು ಇರಲೇ ಇಲ್ಲ.

ಇಷ್ಟಕ್ಕೂ ‘ಉಚಿತ’ ಎಂಬುದೇ ಹಾದಿ ಬದಲಿಸಿ ಬಂದ ಪದ. ಸಂಸ್ಕೃತದಲ್ಲಿ ಅದರರ್ಥ ತಕ್ಕದ್ದು, ಯೋಗ್ಯವಾದದ್ದು. ಸಮಯೋಚಿತ, ಅನುಚಿತ, ಔಚಿತ್ಯ ಎನ್ನುವಾಗ ನಮ್ಮಲ್ಲೂ ಆ ಅರ್ಥ ಜೀವಂತ. ಹಿಂದಿ ನಾಡಿನ ನ್ಯಾಯಬೆಲೆ ಅಂಗಡಿಯ ಬೋರ್ಡಿನಲ್ಲಿ ‘ಉಚಿತ ಮೂಲ್ಯ’ ಎಂದಿರುತ್ತದೆ. ಅದನ್ನು ನಂಬಿ ಚೀಲ ಹಿಡಿದು ಹೋದ ಕನ್ನಡಿಗ ದುಡ್ಡು ಕೊಟ್ಟೇ ಬರಬೇಕು. ಕಾಸಿಲ್ಲದೆ ಸಿಗುವುದಕ್ಕೆ ನಾವು ಹೇಳುವ ‘ಪುಕ್ಕಟೆ’ ಮರಾಠಿ ಕಡೆಯದು. ಬಿಟ್ಟಿ ಮಾತ್ರ ಬೇರೆಯೇ ಜಾಯಮಾನದ ಪದ: ‘ವಿಷ್ಟಿ’ಯ ತದ್ಭವ, ಅಂದರೆ ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಂಡ ದುಡಿಮೆ. ಬಿಟ್ಟಿ ಚಾಕರಿಯಲ್ಲಿ ಅದೇ ಅರ್ಥ ಉಳಿದಿದೆ. ಪಡೆದವನಿಗೆ ಖರ್ಚಿಲ್ಲದಿದ್ದರೂ ಬೇರೆ ಯಾರೋ ಅದರ ಭಾರ ಹೊತ್ತಿದ್ದಾರೆ ಎಂಬುದನ್ನು ಉಚಿತ ಮುಚ್ಚಿಡುತ್ತದೆ, ಬಿಟ್ಟಿ ಹೇಳಿಬಿಡುತ್ತದೆ.

ಉಚಿತ ದಿನಪತ್ರಿಕೆಯಲ್ಲಿ ಆ ಭಾರ ಹೊರುವವನು ಜಾಹೀರಾತುದಾರ. ಮುಖಬೆಲೆಯೇ ಇಲ್ಲದೆ, ಕಾಗದದಿಂದ ಸಂಬಳದವರೆಗಿನ ಖರ್ಚನ್ನು ಜಾಹೀರಾತಿನಿಂದಲೇ ತೂಗಿಸುವ ದಿನಪತ್ರಿಕೆಗೆ ಮಾತ್ರ ಈ ಹೆಸರು. ಗೌರವ ಪ್ರತಿ ಇದಲ್ಲ. ಮುಖ್ಯ ಪತ್ರಿಕೆಯ ಹೊಟ್ಟೆಯೊಳಗೆ ಬರುವ ಪುರವಣಿ ಇದಲ್ಲ. ಬಡಾವಣೆಯ ಗೇಟುಗಳಿಗೆ ಸಿಕ್ಕಿಸಿ ಹೋಗುವ ವಾರಪತ್ರಿಕೆಯೂ ಅಲ್ಲ. ವಾಟ್ಸಾಪ್‌ನಲ್ಲಿ ಬೆಳಿಗ್ಗೆ ಹರಿದಾಡುವ ಪಿಡಿಎಫ್ ಅಂತೂ ಖಂಡಿತ ಅಲ್ಲ, ಅದಕ್ಕೆ ಕಳ್ಳಪ್ರತಿ ಎಂಬ ಹೆಸರು ಆಗಲೇ ಇದೆ.

ಇದರ ಮಾದರಿ ಸ್ವೀಡನ್ನಿನದು. 1995ರ ಫೆಬ್ರುವರಿ 13ರಂದು ಸ್ಟಾಕ್‌ಹೋಮ್‌ನ ಸುರಂಗ ರೈಲು ನಿಲ್ದಾಣಗಳಲ್ಲಿ ‘ಮೆಟ್ರೊ’ ಶುರುವಾಯಿತು. ಟ್ಯಾಬ್ಲಾಯ್ಡ್ ಅಳತೆ, ನಿಲ್ದಾಣದಲ್ಲೇ ಸ್ಟ್ಯಾಂಡು, ಮನೆಗೆ ಹಾಕುವ ಹುಡುಗರಿಲ್ಲ, ಏಜೆಂಟರ ಕಮಿಷನ್ ಇಲ್ಲ. ಸುದ್ದಿಮನೆಯೂ ಪುಟ್ಟದು, ಪುಟ ತುಂಬುವುದು ಹೆಚ್ಚಾಗಿ ಸುದ್ದಿಸಂಸ್ಥೆಗಳ ವರದಿಗಳನ್ನು ಕತ್ತರಿಸಿ. ಒಂದು ಸುದ್ದಿ ಎರಡು ನಿಲ್ದಾಣಗಳ ನಡುವೆ ಓದಿ ಮುಗಿಯಬೇಕು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1999ರಲ್ಲಿ ಬಂದ ಪತ್ರಿಕೆಯ ಹೆಸರೇ ‘20 ಮಿನುಟೆನ್’, ಇಪ್ಪತ್ತು ನಿಮಿಷ. ತಿಂಗಳುಗಟ್ಟಲೆ ಒಂದೇ ಕಡತದ ಹಿಂದೆ ಬೀಳುವ ವರದಿಗಾರನಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಈಗ ‘ಪ್ರಸಾರ ಸಂಖ್ಯೆ’ಗೆ ಬರೋಣ, ಅತಿ ಹೆಚ್ಚು ಎಡವುವುದು ಇಲ್ಲೇ. ಲಂಡನ್ನಿನ ‘ಈವ್ನಿಂಗ್ ಸ್ಟ್ಯಾಂಡರ್ಡ್’ 50 ಪೆನ್ಸ್ ಬೆಲೆ ಕೈಬಿಟ್ಟು 2009ರ ಅಕ್ಟೋಬರ್ 12ರಿಂದ ಉಚಿತವಾಯಿತು. ಪ್ರತಿಗಳು ಸುಮಾರು ಎರಡೂವರೆ ಲಕ್ಷದಿಂದ ಆರು ಲಕ್ಷಕ್ಕೆ ಏರಿದವು. ಇದನ್ನು ‘ಜನಪ್ರಿಯತೆ ದುಪ್ಪಟ್ಟು’ ಎಂದು ಬರೆಯುವವರಿದ್ದಾರೆ. ಮಾರುವ ಪತ್ರಿಕೆಯ ಪ್ರಸಾರ ಎಂದರೆ ಅಚ್ಚಾದದ್ದರಲ್ಲಿ ವಾಪಸು ಬಂದದ್ದನ್ನೂ ಗೌರವ ಪ್ರತಿಗಳನ್ನೂ ಕಳೆದು ಉಳಿದದ್ದು. ಆ ಅಂಕಿಯನ್ನು ಕೊಳ್ಳುವವರು ನಿರ್ಧರಿಸುತ್ತಾರೆ. ಉಚಿತ ಪತ್ರಿಕೆಯಲ್ಲಿ ಅದು ಮಾಲೀಕರ ಪ್ರಿಂಟ್ ಆರ್ಡರ್, ಅಂದರೆ ಇಷ್ಟು ಪ್ರತಿ ಅಚ್ಚು ಹಾಕಿ ಎಂಬ ಅಪ್ಪಣೆ. ಅದಕ್ಕೆ ‘ಹಂಚಿಕೆ’ ಎನ್ನಿ, ಜಗಳ ಮುಗಿಯುತ್ತದೆ.

ಪ್ರತಿಯೊಂದು ಹೆಚ್ಚುವರಿ ಪ್ರತಿಯೂ ಇಲ್ಲಿ ಬರೀ ಕಾಗದದ ಖರ್ಚು, ಅದರಿಂದ ಒಂದು ಪೈಸೆ ನೇರ ಆದಾಯವಿಲ್ಲ. ಹಾಗಾಗಿ ಕಟ್ಟುಗಳು ಹೋಗುವುದು ಜಾಹೀರಾತುದಾರನಿಗೆ ಬೇಕಾದ ಜನ ಓಡಾಡುವ ಕಡೆಗೆ: ಕೈಯಲ್ಲಿ ಸಂಬಳವಿರುವ, ದಿನಾ ರೈಲು ಹತ್ತುವ ಯುವಕರತ್ತ. ಪಿಂಚಣಿದಾರರಿಗೆ, ಹಳ್ಳಿಯವರಿಗೆ ಹಂಚಿದರೆ ನಷ್ಟ. ಓದುಗ ಸಿಟ್ಟಾದರೆ ಚಂದಾ ನಿಲ್ಲಿಸುವೆ ಎನ್ನುವಂತೆಯೂ ಇಲ್ಲ, ಚಂದಾ ಇದ್ದರಲ್ಲವೇ.

ಇವು ಮಾರಾಟದ ಪತ್ರಿಕೆಗಳನ್ನು ಕೊಂದವು ಎನ್ನುವುದು ಅರ್ಧಸತ್ಯ. ಜರ್ಮನಿಯ ಕಲೋನ್‌ನಲ್ಲಿ 1999ರ ಕೊನೆಗೆ ‘20 ಮಿನುಟೆನ್’ ಕಾಲಿಟ್ಟಾಗ ಅಲ್ಲಿನ ಹಳೆಯ ಪ್ರಕಾಶಕರು ತಾವೂ ಉಚಿತ ಪತ್ರಿಕೆ ತೆಗೆದರು. 2001ರಲ್ಲಿ ಎದುರಾಳಿ ಬಾಗಿಲು ಹಾಕಿದ ಮೇಲೆ ಇವರೂ ತಮ್ಮದನ್ನು ಮುಚ್ಚಿದರು. ಆಮೇಲೆ ಅದೇ ಇಪ್ಪತ್ತು ನಿಮಿಷವನ್ನು ಮೊಬೈಲ್ ಕಿತ್ತುಕೊಂಡಿತು. ಸ್ವೀಡನ್ನಿನ ‘ಮೆಟ್ರೊ’ 2019ರಲ್ಲಿ ನಿಂತಿತು, ‘ಸ್ಟ್ಯಾಂಡರ್ಡ್’ 2024ರ ಸೆಪ್ಟೆಂಬರಿನಲ್ಲಿ ವಾರಪತ್ರಿಕೆಯಾಯಿತು.

ನಮ್ಮಲ್ಲಿ ಈ ತಳಿ ಬೇರೂರದಿರುವುದಕ್ಕೆ ಕಾರಣ ಸರಳ. ಮುಖಬೆಲೆ ಮೊದಲೇ ಉತ್ಪಾದನಾ ವೆಚ್ಚಕ್ಕಿಂತ ಕಡಿಮೆ, ಅದರಲ್ಲೂ ಏಜೆಂಟರ ಪಾಲಿದೆ. ಮೇಲಾಗಿ ಹಳೇ ಪೇಪರಿಗೆ ಕಿಲೋ ಲೆಕ್ಕದಲ್ಲಿ ದುಡ್ಡಿದೆ. ನಿಲ್ದಾಣದ ಸ್ಟ್ಯಾಂಡಿನಲ್ಲಿ ಕಾವಲಿಲ್ಲದೆ ಇಟ್ಟ ಕಟ್ಟು, ಪ್ರಯಾಣಿಕ ಬರುವ ಮೊದಲೇ ರದ್ದಿ ಅಂಗಡಿಯ ತಕ್ಕಡಿಯಲ್ಲಿರುತ್ತದೆ.